ತೆನೆಯೂ ಕಮಲವೂ: 2028ರಲ್ಲಿ ಒಂದೇ ಚಪ್ಪರದಡಿ ನಿಲ್ಲುವವೇ?

ಸಂಘದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿಗೆ ಕರೆ ಬರುವ ಮುನ್ನ ಸಭಾಗೃಹದ ಹೊರಗೆ ಹತ್ತು ನಿಮಿಷ ನಿಂತರೆ ಊರಿನ ರಾಜಕೀಯದ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕರಾವಳಿಯವರ ಚರ್ಚೆ ಒಂದು ಬಗೆಯದಾದರೆ, ಮಂಡ್ಯ, ಹಾಸನ, ತುಮಕೂರು ಸೀಮೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ನಮ್ಮ ಬಂಧುಗಳ ಪ್ರಶ್ನೆ ಬಹುತೇಕ ಒಂದೇ. 2023ರ ಸೆಪ್ಟೆಂಬರಿನಲ್ಲಿ ಕೈಕುಲುಕಿದ ಬಿಜೆಪಿಯೂ ಜಾತ್ಯತೀತ ಜನತಾದಳವೂ 2028ರ ವಿಧಾನಸಭಾ ಚುನಾವಣೆಯಲ್ಲಿ ನಿಜವಾಗಿಯೂ ಒಟ್ಟಾಗಿ ನಿಲ್ಲುವವೇ, ಅಥವಾ ಇದು ಲೋಕಸಭೆಯ ಮಟ್ಟಿಗಿನ ನಂಟೇ?

ನಮ್ಮಲ್ಲಿ ಹೆಚ್ಚಿನವರ ಹೆಸರು ಮಹಾರಾಷ್ಟ್ರದ ಮತದಾರರ ಪಟ್ಟಿಯಲ್ಲಿದೆ. ಆದರೂ ಈ ಪ್ರಶ್ನೆ ನಮ್ಮದಲ್ಲವೆಂದು ಕೈತೊಳೆದುಕೊಳ್ಳುವಂತಿಲ್ಲ. ಊರಿನಲ್ಲಿ ಅಣ್ಣತಮ್ಮಂದಿರ ಹೊಲವಿದೆ, ನಾಲೆಯ ನೀರಿನ ಸರದಿಯಿದೆ, ಹೊಸದಾಗಿ ಆಗಬೇಕಾದ ರಸ್ತೆಯಿದೆ. ಎರಡು ಪಕ್ಷಗಳ ಕಾರ್ಯಕರ್ತರು ಅಕ್ಕಪಕ್ಕದ ಮನೆಯವರೇ ಆಗಿರುವ ಹಳ್ಳಿಯಲ್ಲಿ ಮೇಲಿನವರು ಕೂಡಿದರೆ ಕೆಳಗಿನವರು ಏನು ಮಾಡಬೇಕೆಂಬುದು ಊಟದ ಮಾತಿನಷ್ಟು ಹಗುರವಾದ ಸಂಗತಿಯಲ್ಲ. ಎಷ್ಟೋ ವರ್ಷ ಮಾತು ಬಿಟ್ಟವರು ಒಂದೇ ಪ್ರಚಾರದ ಜೀಪಿನಲ್ಲಿ ಕುಳಿತುಕೊಳ್ಳಬೇಕಾಗುತ್ತದೆ.

ಇಂತಹ ಭವಿಷ್ಯವನ್ನು ನುಡಿಯಲು ಹೊರಟವರು ಎಡವಿದ್ದೇ ಹೆಚ್ಚು. ಅದಕ್ಕೆ ಸಾಕ್ಷಿ ಹುಡುಕಲು ನಾವು ದೂರ ಹೋಗಬೇಕಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಮಹಾರಾಷ್ಟ್ರದ 48 ಸ್ಥಾನಗಳಲ್ಲಿ ಬಿಜೆಪಿ 23 ಹಾಗೂ ಶಿವಸೇನೆ 18ನ್ನು ಗೆದ್ದವು. ಅಂತಹ ಜಯದ ನಂತರ ಇಪ್ಪತ್ತೈದು ವರ್ಷಗಳ ಸಂಬಂಧ ಮುರಿದೀತೆಂದು ಯಾರು ತಾನೇ ಎಣಿಸಿದ್ದರು? ನಾಲ್ಕು ತಿಂಗಳು ಕಳೆದು ಸೆಪ್ಟೆಂಬರ್ 25ರಂದು, ವಿಧಾನಸಭೆಗೆ ನಾಮಪತ್ರ ಸಲ್ಲಿಸಲು ಎರಡೇ ದಿನ ಉಳಿದಿರುವಾಗ ಆ ಮೈತ್ರಿ ಮುರಿದುಬಿತ್ತು. ಅದೇ ದಿನ ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ ನಂಟೂ ಕಡಿದುಹೋಯಿತು. ಬೆಳಗ್ಗೆ ಎರಡು ಬಣಗಳಿದ್ದ ರಾಜ್ಯದಲ್ಲಿ ರಾತ್ರಿಯಾಗುವಷ್ಟರಲ್ಲಿ ನಾಲ್ಕು ಪಕ್ಷಗಳು ನಾಲ್ಕು ದಿಕ್ಕಿಗೆ ನಿಂತಿದ್ದವು. ಸಿದ್ಧಾಂತದ ಜಗಳ ಅಲ್ಲಿರಲಿಲ್ಲ. ಯಾರಿಗೆ ಎಷ್ಟು ಕ್ಷೇತ್ರ ಎಂಬುದಷ್ಟೇ ಇತ್ತು.

ಆದುದರಿಂದ ನಾಯಕರು ವೇದಿಕೆಯ ಮೇಲೆ ಆಡುವ ಮಾತನ್ನು ನಾವು ಬದಿಗಿರಿಸೋಣ. "ನಮ್ಮದು ಸಹಜ ಮೈತ್ರಿ" ಎಂದವರೂ ಬೇರೆಯಾಗಿದ್ದಾರೆ, "ಪ್ರಾಣ ಹೋದರೂ ಅವರೊಡನೆ ಇಲ್ಲ" ಎಂದವರೂ ಕೂಡಿದ್ದಾರೆ. ಎರಡು ಎದುರಾಳಿ ಪಕ್ಷಗಳು ಒಟ್ಟಾಗಿ ನಿಲ್ಲುವವೇ ಎಂಬುದನ್ನು ಅಳೆಯಲು ನಮ್ಮ ಅಭಿಪ್ರಾಯದಲ್ಲಿ ಒಂದೇ ಒಂದು ನಂಬಲರ್ಹವಾದ ಪ್ರಶ್ನೆಯಿದೆ: ಒಟ್ಟಾದರೆ ಯಾವ ಕ್ಷೇತ್ರದಲ್ಲಿ ಯಾರು ಸ್ಪರ್ಧೆಯಿಂದ ಹಿಂದೆ ಸರಿಯಬೇಕು, ಹಾಗೆ ಸರಿದವನು ಸುಮ್ಮನಿರುವನೇ?

ಇದೇ ಅಳತೆಗೋಲಿನಿಂದ ಕರ್ನಾಟಕದ ಹಿಂದಿನ ಪುಟಗಳನ್ನು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. 1998ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯೊಡನೆ ಬಿಜೆಪಿ ಕೂಡಿಕೊಂಡಿತು. ಬಿಜೆಪಿ 13, ಲೋಕಶಕ್ತಿ 3, ಹೀಗೆ 28ರಲ್ಲಿ 16 ಸ್ಥಾನಗಳು ಬಂದವು. ಲೋಕಶಕ್ತಿ ಆಗಷ್ಟೇ ಹುಟ್ಟಿದ ಪಕ್ಷ. ಅದರ ಸಲುವಾಗಿ ಬಿಜೆಪಿಯಲ್ಲಿ ಹಿಂದೆ ಸರಿಯಬೇಕಾದವರು ಬೆರಳೆಣಿಕೆಯವರು. ಮರುವರ್ಷ, 1999ರಲ್ಲಿ, ಜೆ.ಎಚ್. ಪಟೇಲರ ಬಳಗ ಸಂಯುಕ್ತ ಜನತಾದಳವಾಗಿ ಬಿಜೆಪಿಯ ಕೈಹಿಡಿದಾಗ ಆದದ್ದೇ ಬೇರೆ. ಅಲ್ಲಿಯವರೆಗೆ ಯಾವ ಸರಕಾರವನ್ನು ಬೈಯುತ್ತ ಬಂದರೋ ಅದೇ ಸರಕಾರದವರ ಪರವಾಗಿ ಬಿಜೆಪಿಯ ಕಾರ್ಯಕರ್ತರು ಮತ ಕೇಳಬೇಕಾಯಿತು. ಕಾಂಗ್ರೆಸ್ 132 ಸ್ಥಾನಗಳೊಡನೆ ಗೆದ್ದಿತು, ಬಿಜೆಪಿ 44ಕ್ಕೆ ನಿಂತಿತು, ಸಂಯುಕ್ತ ದಳ 18ಕ್ಕೆ ಇಳಿಯಿತು. ಸ್ವತಃ ಪಟೇಲರೇ ಸೋತರು. ಬಿಜೆಪಿಯೊಡನೆ ಹೋಗಲು ಒಪ್ಪದ ದೇವೇಗೌಡರ ಗುಂಪು ತನ್ನ ಹೆಸರಿನ ಪಕ್ಕದಲ್ಲಿ 'ಜಾತ್ಯತೀತ' ಎಂಬ ಪದವನ್ನು ಸೇರಿಸಿಕೊಂಡದ್ದು ಆ ವರ್ಷವೇ ಎಂಬುದನ್ನು ಇಂದು ನೆನೆದರೆ ಸಣ್ಣದೊಂದು ನಗು ಬಾರದಿರದು.

ಅಂದಿನಿಂದ ಜೆಡಿಎಸ್ ರೂಢಿಸಿಕೊಂಡ ಮಾರ್ಗ ಬೇರೆ. ಚುನಾವಣೆಯನ್ನು ದೊಡ್ಡ ಪಕ್ಷಗಳ ಹಂಗಿಲ್ಲದೆ ಎದುರಿಸುವುದು, ಯಾರಿಗೂ ಬಹುಮತ ಬಾರದಿದ್ದಾಗ ಮಾತುಕತೆಗೆ ಕೂರುವುದು. 2004ರಲ್ಲಿ 58 ಸ್ಥಾನ ಪಡೆದು ಕಾಂಗ್ರೆಸ್ಸಿನೊಡನೆ ಸರಕಾರ ರಚಿಸಿತು. 2006ರ ಫೆಬ್ರವರಿಯಲ್ಲಿ ಅದೇ ಶಾಸಕರ ಬಲದಿಂದ ಬಿಜೆಪಿಯೊಡನೆ ಸೇರಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 2018ರಲ್ಲಿ 37 ಸ್ಥಾನ ಗೆದ್ದು ಮತ್ತೆ ಕಾಂಗ್ರೆಸ್ಸಿನೊಡನೆ ಸೇರಿ ಮತ್ತೆ ಮುಖ್ಯಮಂತ್ರಿ ಪದವಿ ಪಡೆಯಿತು. 2015ರ ಬೆಂಗಳೂರು ಮಹಾನಗರಪಾಲಿಕೆಯಲ್ಲೂ ಇದೇ ಕತೆ. ಬಿಜೆಪಿ 100 ವಾರ್ಡುಗಳನ್ನು ಗೆದ್ದರೂ 76 ಗೆದ್ದ ಕಾಂಗ್ರೆಸ್ 14 ಗೆದ್ದ ಜೆಡಿಎಸ್ಸಿನ ನೆರವಿನಿಂದ ಮೇಯರ್ ಪಟ್ಟವನ್ನು ಹಿಡಿಯಿತು. ಮತ ಎಣಿಕೆಗೆ ಮೊದಲು ಕೂಡಿದರೆ ಕ್ಷೇತ್ರ ಬಿಟ್ಟುಕೊಡಬೇಕು, ನಂತರ ಕೂಡಿದರೆ ಪದವಿ ಕೇಳಬಹುದು. ಲೆಕ್ಕ ಇಷ್ಟು ಸರಳವಾಗಿದ್ದಾಗ ಯಾವ ಸಣ್ಣ ಪಕ್ಷ ತಾನೇ ಮೊದಲೇ ಕೂಡೀತು? ಇಂದಿನವರೆಗೆ ಜೆಡಿಎಸ್ ಯಾವ ವಿಧಾನಸಭಾ ಸಾರ್ವತ್ರಿಕ ಚುನಾವಣೆಯನ್ನೂ ಕಾಂಗ್ರೆಸ್ ಅಥವಾ ಬಿಜೆಪಿಯೊಡನೆ ಸ್ಥಾನ ಹಂಚಿಕೊಂಡು ಎದುರಿಸಿಲ್ಲ. 2028ರಲ್ಲಿ ಹಾಗಾದರೆ ಅದೇ ಮೊದಲು.

ಚುನಾವಣಾಪೂರ್ವ ಹೊಂದಾಣಿಕೆಯ ರುಚಿಯನ್ನು ಆ ಪಕ್ಷ ಉಂಡದ್ದು 2019ರ ಲೋಕಸಭೆಯಲ್ಲಿ. ಕಾಂಗ್ರೆಸ್ 21, ಜೆಡಿಎಸ್ 7 ಎಂದು ಹಂಚಿಕೊಂಡರು. ಹಿಂದಿನ ವರ್ಷದ ವಿಧಾನಸಭೆಯ ಲೆಕ್ಕದಲ್ಲಿ ಇಬ್ಬರ ಮತ ಕೂಡಿಸಿದರೆ ಶೇಕಡ 56ಕ್ಕೂ ಮಿಕ್ಕಿತ್ತು. ಫಲಿತಾಂಶ ಬಂದಾಗ ಇಬ್ಬರಿಗೂ ದಕ್ಕಿದ್ದು ಒಂದೊಂದೇ ಸ್ಥಾನ. ಕೂಡಿದ ಮತ ಶೇಕಡ 42ನ್ನೂ ಮುಟ್ಟಲಿಲ್ಲ.

ಮಂಡ್ಯದ ಕತೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2018ರ ಮೇ ತಿಂಗಳಲ್ಲಿ ಆ ಜಿಲ್ಲೆಯ ಏಳಕ್ಕೆ ಏಳು ವಿಧಾನಸಭಾ ಕ್ಷೇತ್ರಗಳನ್ನೂ ಜೆಡಿಎಸ್ ಗೆದ್ದಿತ್ತು. ಎದುರಾಳಿ ಕಾಂಗ್ರೆಸ್. ಅದೇ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಆ ಎದುರಾಳಿಯೇ ಜೊತೆಗೆ ಬಂದಾಗ ಜೆಡಿಎಸ್ ಅಭ್ಯರ್ಥಿ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಮೈತ್ರಿ ಕಲ್ಲಿನಂತೆ ಗಟ್ಟಿಯಾಯಿತೆಂದು ಪಂಡಿತರು ಬರೆದರು. ಆರು ತಿಂಗಳೊಳಗೆ ಅದೇ ಮಂಡ್ಯದಲ್ಲಿ ಅದೇ ಮೈತ್ರಿಯ ಅಭ್ಯರ್ಥಿಯಾಗಿ ನಿಂತ ನಿಖಿಲ್ ಕುಮಾರಸ್ವಾಮಿ, ಬಿಜೆಪಿ ಬೆಂಬಲಿಸಿದ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರೆದುರು ಒಂದೂಕಾಲು ಲಕ್ಷ ಮತಗಳಿಂದ ಸೋತರು. ಉಪಚುನಾವಣೆಯಲ್ಲಿ ಮುನಿಸಿಕೊಂಡ ಕಾಂಗ್ರೆಸ್ಸಿಗನಿಗೆ ಹೋಗಲು ಬೇರೆ ದಾರಿಯಿರಲಿಲ್ಲ. ಅಂಬರೀಷರ ಪತ್ನಿ ಕಣಕ್ಕಿಳಿದಾಗ ದಾರಿ ತೆರೆಯಿತು. ಸರಿದು ನಿಂತವನು ಎಲ್ಲಿಯವರೆಗೆ ಸುಮ್ಮನಿರುವನೆಂದರೆ, ಅವನಿಗೆ ಮತ್ತೊಂದು ಬಾಗಿಲು ಕಾಣುವವರೆಗೆ ಮಾತ್ರ. ತುಮಕೂರಿನಲ್ಲಿ ತನ್ನ ಸಂಸದರೇ ಇದ್ದ ಕ್ಷೇತ್ರವನ್ನು ಕಾಂಗ್ರೆಸ್ ದೇವೇಗೌಡರಿಗೆ ಬಿಟ್ಟುಕೊಟ್ಟಿತು. ಮಾಜಿ ಪ್ರಧಾನಿಗಳು ಅಲ್ಲಿ ಸುಮಾರು 13 ಸಾವಿರ ಮತಗಳಿಂದ ಸೋತರು. ಈ ಸೋಲನ್ನು ಗೌಡರ ಕುಟುಂಬ ಮರೆತಿರಲಾರದು.

ಮೈತ್ರಿ ಸರಕಾರದ ಕೊನೆಯ ಅಂಕವನ್ನು ನಾವು ಮುಂಬಯಿಯಲ್ಲೇ ಕುಳಿತು ಕಂಡೆವು. 2019ರ ಜುಲೈಯಲ್ಲಿ ಮುನಿದ ಶಾಸಕರು ಪೊವಾಯಿಯ ಹೋಟೆಲಿನಲ್ಲಿ ಬೀಡುಬಿಟ್ಟರು. ಡಿ.ಕೆ. ಶಿವಕುಮಾರ್ ಅವರನ್ನು ಗೇಟಿನಲ್ಲೇ ತಡೆಯಲಾಯಿತು. ಅಂದು ಜೆಡಿಎಸ್ ಬಿಟ್ಟ ಶಾಸಕರಲ್ಲಿ ಕೆ.ಆರ್. ಪೇಟೆಯ ಕೆ.ಸಿ. ನಾರಾಯಣ ಗೌಡರೂ ಒಬ್ಬರು. ಮುಂಬಯಿಯಲ್ಲಿ ಉದ್ಯಮ ನಡೆಸಿ ಊರಿಗೆ ಮರಳಿ ಶಾಸಕರಾದ ಅವರ ಪರಿಚಯವನ್ನು ನಮ್ಮ ಓದುಗರಿಗೆ ಬೇರೆಯಾಗಿ ಮಾಡಿಕೊಡಬೇಕಿಲ್ಲ. 2013 ಮತ್ತು 2018ರಲ್ಲಿ ತೆನೆಹೊತ್ತ ಮಹಿಳೆಯ ಗುರುತಿನಲ್ಲಿ ಗೆದ್ದವರು, 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕಮಲದ ಗುರುತಿನಲ್ಲಿ ಗೆದ್ದು ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಯ ಖಾತೆ ತೆರೆದರು, ಮಂತ್ರಿಯೂ ಆದರು. 2023ರಲ್ಲಿ ಜೆಡಿಎಸ್‌ನ ಎಚ್.ಟಿ. ಮಂಜು ಅದೇ ಕ್ಷೇತ್ರವನ್ನು ಮರಳಿ ಪಡೆದರು. ಆ ವರ್ಷ ಜಿಲ್ಲೆಯಲ್ಲಿ ಜೆಡಿಎಸ್ ಉಳಿಸಿಕೊಂಡದ್ದು ಅದೊಂದನ್ನೇ. ಈಗ ಯೋಚಿಸಿ: ಎರಡು ಪಕ್ಷಗಳು ಒಟ್ಟಾದರೆ ಕೆ.ಆರ್. ಪೇಟೆ ಯಾರದು? ಗೆದ್ದವರದೇ ಎಂಬುದು ರೂಢಿ. ಹಾಗಾದರೆ ಮಂಡ್ಯದಲ್ಲಿ ತನ್ನ ಬಾವುಟವನ್ನು ಮೊದಲು ನೆಟ್ಟ ನೆಲವನ್ನೇ ಬಿಜೆಪಿ ಬಿಡಬೇಕು. ಮುಂಬಯಿಯಿಂದ ಮತ ಹಾಕಲು ಊರಿಗೆ ಹೋಗುವ ಪೇಟೆಯ ಜನ ಈ ಒಂದು ಕ್ಷೇತ್ರದ ಗಂಟನ್ನು ಬಿಚ್ಚಿದರೆ ಇಡೀ ಮೈತ್ರಿಯ ಗಂಟು ಅರ್ಥವಾದೀತು.

ಹಾಸನದ ಗಂಟು ಇನ್ನೂ ಬಿಗಿ. 2018ರಲ್ಲಿ ಹಾಸನ ನಗರವನ್ನು ಬಿಜೆಪಿಯ ಪ್ರೀತಂ ಗೌಡ ಗೆದ್ದರು, 2023ರಲ್ಲಿ ಜೆಡಿಎಸ್‌ನ ಸ್ವರೂಪ್ ಪ್ರಕಾಶ್ ಅವರನ್ನು ಸೋಲಿಸಿದರು. ಜಿಲ್ಲೆಯ ಏಳರಲ್ಲಿ ಜೆಡಿಎಸ್ 4, ಬಿಜೆಪಿ 2. ಅಲ್ಲಿ ಇವೆರಡರ ವೈರ ಕಾಂಗ್ರೆಸ್ಸಿನೊಡನೆ ಇರುವ ವೈರಕ್ಕಿಂತ ಕಡಿಮೆಯದಲ್ಲ. 2024ರ ಆಗಸ್ಟಿನಲ್ಲಿ ಮೈಸೂರಿಗೆ ಪಾದಯಾತ್ರೆ ಹೊರಡುವ ಮುನ್ನ ಪ್ರೀತಂ ಗೌಡರ ಹೆಸರೆತ್ತಿಯೇ ಕುಮಾರಸ್ವಾಮಿ ಬೆಂಬಲವಿಲ್ಲವೆಂದರು. ದೆಹಲಿಯ ಸಂಧಾನದ ನಂತರವಷ್ಟೇ ಹೆಜ್ಜೆ ಹಾಕಿದರು. ದೆಹಲಿಯಲ್ಲಿ ಕೂಡಿದ್ದು ಹಾಸನದಲ್ಲಿ ಕೂಡಿಲ್ಲವೆಂಬುದು ಅಂದು ಬಯಲಾಯಿತು.

ಹಾಗೆಂದು 2024ರ ಲೋಕಸಭೆ ಮೈತ್ರಿಗೆ ಒಳಿತು ಮಾಡಲಿಲ್ಲವೆನ್ನಲಾಗದು. ಬಿಜೆಪಿ 25ರಲ್ಲಿ 17, ಜೆಡಿಎಸ್ 3ರಲ್ಲಿ 2 ಗೆದ್ದವು. ಮಂಡ್ಯದಲ್ಲಿ ಕುಮಾರಸ್ವಾಮಿ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ಕೇಂದ್ರದಲ್ಲಿ ಸಚಿವರಾದರು. ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರದಲ್ಲಿ ಕಮಲದ ಗುರುತಿನಲ್ಲೇ ನಿಂತು ಡಿ.ಕೆ. ಸುರೇಶ್ ಅವರನ್ನು ಸೋಲಿಸಿದ್ದು ಮೈತ್ರಿಯ ಅತ್ಯಂತ ಜಾಣ ನಡೆ. ಮಾವನ ಪಕ್ಷದವರಿಗೂ ಅಭ್ಯರ್ಥಿ ತಮ್ಮವರೇ, ಬಿಜೆಪಿಯವರಿಗೂ ತಮ್ಮವರೇ. ಸರಿಯಬೇಕಾದ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಹಾಸನದ ಸೋಲನ್ನು ನಾವು ಮೈತ್ರಿಯ ಖಾತೆಗೆ ಬರೆಯುವುದಿಲ್ಲ, ಪ್ರಜ್ವಲ್ ರೇವಣ್ಣ ಅವರ ಮೇಲೆ ಮತದಾನದ ಹೊತ್ತಿಗೆ ಹೊರಬಿದ್ದ ಘೋರ ಆರೋಪಗಳ ನೆರಳು ಅಲ್ಲಿತ್ತು.

ಆದರೆ ಅಂಕಿಗಳು ಮತ್ತೊಂದನ್ನೂ ಹೇಳುತ್ತವೆ. 2019ರಲ್ಲಿ ಬಿಜೆಪಿ ಏಕಾಂಗಿಯಾಗಿ ಪಡೆದ ಮತ ಶೇಕಡ 51ರ ಆಸುಪಾಸು. 2024ರಲ್ಲಿ ಇಬ್ಬರೂ ಕೂಡಿ ಪಡೆದದ್ದೂ ಹೆಚ್ಚು ಕಡಿಮೆ ಅಷ್ಟೇ. ಕೂಡಿದ್ದರಿಂದ ಮತ ಹೆಚ್ಚಲಿಲ್ಲ, ಇಳಿಯಬಹುದಾಗಿದ್ದ ಮತಕ್ಕೆ ಊರುಗೋಲು ಸಿಕ್ಕಿತು. ಅದಲ್ಲದೆ ಲೋಕಸಭೆಯಲ್ಲಿ ಹಂಚಬೇಕಾದದ್ದು 28 ಸ್ಥಾನ. ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು. ಮೂರು ಸ್ಥಾನ ಕೊಟ್ಟು ಕೈತೊಳೆದ ಸೂತ್ರವನ್ನೇ ವಿಧಾನಸಭೆಗೆ ಹಿಡಿದರೆ ಜೆಡಿಎಸ್ಸಿಗೆ ಬರುವುದು 24 ಕ್ಷೇತ್ರ. 2004ರಲ್ಲಿ 58 ಗೆದ್ದ ಪಕ್ಷ ಇಷ್ಟಕ್ಕೆ ಒಪ್ಪಲಾರದು. 58ರ ನೆನಪನ್ನು ಮುಂದಿಟ್ಟು ಕೇಳಿದರೆ, 2023ರಲ್ಲಿ ನೀವು ಗೆದ್ದದ್ದು 19 ತಾನೇ ಎಂದು ಬಿಜೆಪಿ ತಿರುಗಿ ಕೇಳದಿರದು. ಚೌಕಾಶಿ ನಡೆಯಬೇಕಾದದ್ದು ಈ ಎರಡು ಅಂಕಿಗಳ ನಡುವೆ.

ಚನ್ನಪಟ್ಟಣದ ಪಾಠವನ್ನು ಈ ಚೌಕಾಶಿಗೆ ಕುಳಿತವರೆಲ್ಲ ಮುಂದಿಟ್ಟುಕೊಳ್ಳುವುದು ಒಳ್ಳೆಯದು. 2023ರಲ್ಲಿ ಅಲ್ಲಿ ಗೆದ್ದವರು ಕುಮಾರಸ್ವಾಮಿ, ಸುಮಾರು 16 ಸಾವಿರ ಮತಗಳಿಂದ ಸೋತು ಎರಡನೆಯವರಾದವರು ಬಿಜೆಪಿಯ ಸಿ.ಪಿ. ಯೋಗೇಶ್ವರ್, ಕಾಂಗ್ರೆಸ್ ಬಹುದೂರದಲ್ಲಿ ಮೂರನೆಯದು. ಕಾಗದದ ಮೇಲೆ ಒಂದು ಮತ್ತು ಎರಡು ಕೂಡಿದರೆ ಮೂರನೆಯವರಿಗೆ ಠೇವಣಿಯೂ ಉಳಿಯಬಾರದು. 2024ರ ನವೆಂಬರಿನ ಉಪಚುನಾವಣೆಯಲ್ಲಿ ಕ್ಷೇತ್ರ ಜೆಡಿಎಸ್ಸಿಗೆಂದು ಆದೊಡನೆ ಯೋಗೇಶ್ವರ್ ಕಾಂಗ್ರೆಸ್ ಸೇರಿದರು. ನಿಖಿಲ್ ಅವರನ್ನು 25,413 ಮತಗಳಿಂದ ಸೋಲಿಸಿದರು. ಸರಿದು ನಿಂತವನಿಗೆ ಬಾಗಿಲು ತೆರೆದಿಡುವ ಮೂರನೆಯ ಪಕ್ಷ ಇರುವಾಗ ಇಬ್ಬರ ಮತವನ್ನು ಕೂಡಿಸುವ ಲೆಕ್ಕ ಅಡಿಮೇಲಾಗುತ್ತದೆ. ಜೊತೆಗೆ, ಹಿಂದೆ ಜೆಡಿಎಸ್ಸಿಗೆ ಬರುತ್ತಿದ್ದ ಅಲ್ಪಸಂಖ್ಯಾತರ ಮತ ಕಮಲದ ಜೊತೆಗೂಡಿದ ಮೇಲೆ ಬರುವುದೆಂದು ನಂಬುವವರಿಲ್ಲ. ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ 2023ರ ಅಕ್ಟೋಬರಿನಲ್ಲಿ ಮೈತ್ರಿಯನ್ನು ವಿರೋಧಿಸಿದ್ದಕ್ಕೆ ಪದವಿ ಕಳೆದುಕೊಂಡರು.

ಇಷ್ಟೆಲ್ಲ ಅಡ್ಡಿಗಳನ್ನು ಹೇಳಿದ ಮೇಲೆ ಓದುಗರು ನಮ್ಮ ತೀರ್ಮಾನವನ್ನು ಊಹಿಸಿರಬಹುದು. ಆದರೆ ನಮ್ಮ ಅಂದಾಜು ಅದಕ್ಕೆ ವಿರುದ್ಧವಾಗಿದೆ. 2028ರಲ್ಲಿ ಇವರಿಬ್ಬರೂ ಒಟ್ಟಾಗಿಯೇ ನಿಲ್ಲುವ ಸಂಭವ ಹೆಚ್ಚು. ಪಂಥ ಕಟ್ಟಲು ಹೇಳಿದರೆ ಹತ್ತರಲ್ಲಿ ಆರು ಪಾಲು ಎಂದೇವು.

ಕಾರಣ ಪ್ರೀತಿಯಲ್ಲ, ಬೇರೆ ದಾರಿ ಇಲ್ಲದಿರುವುದು. ಕರ್ನಾಟಕದಲ್ಲಿ ಬಿಜೆಪಿ ಒಮ್ಮೆಯೂ ಚುನಾವಣೆಯಲ್ಲಿ 113ರ ಗೆರೆ ಮುಟ್ಟಿಲ್ಲ. 2007ರ ನವೆಂಬರಿನಲ್ಲಿ ಜೆಡಿಎಸ್ ಕೈಕೊಟ್ಟು, ಯಡಿಯೂರಪ್ಪನವರ ಸರಕಾರ ಏಳು ದಿನಕ್ಕೆ ಬಿದ್ದು, ಅದರ ಅನುಕಂಪ ಹರಿದುಬಂದ 2008ರಲ್ಲೂ 110ಕ್ಕೆ ನಿಂತಿತು. 2018ರಲ್ಲಿ 104. ಆ ಕೊರತೆ ಇರುವುದು ಹಳೆ ಮೈಸೂರು ಸೀಮೆಯಲ್ಲೇ. ಇತ್ತ ಜೆಡಿಎಸ್ ಅದೇ ಸೀಮೆಯಲ್ಲಿ ಕಾಂಗ್ರೆಸ್ಸಿನ ನೇರ ಎದುರಾಳಿ. ಒಕ್ಕಲಿಗರ ಮುಂದಾಳುತನಕ್ಕಾಗಿ ಶಿವಕುಮಾರ್ ಹಾಗೂ ಗೌಡರ ಕುಟುಂಬದ ನಡುವಿನ ಪೈಪೋಟಿ ಇರುವವರೆಗೆ ಆ ಬಾಗಿಲು ತೆರೆಯಲಾರದು. ಒಂಟಿಯಾಗಿ ನಿಂತರೆ 19 ಇನ್ನೆಷ್ಟಕ್ಕೆ ಇಳಿದೀತೆಂಬ ಅಂಜಿಕೆ ಪಕ್ಷದೊಳಗೇ ಇದೆ. ಹಿಂದೆ ಜೆಡಿಎಸ್ಸಿಗೆ ಎರಡು ಕಡೆ ಮಾತುಕತೆಯ ಸ್ವಾತಂತ್ರ್ಯವಿತ್ತು, 2023ರಲ್ಲಿ ಅದನ್ನು ಕಳೆದುಕೊಂಡಿತು. 2023ರ ಮತಗಳನ್ನೇ ಕೂಡಿಸಿದರೆ ಬಿಜೆಪಿಯ 36 ಮತ್ತು ಜೆಡಿಎಸ್‌ನ 13 ಸೇರಿ ಶೇಕಡ 49, ಕಾಂಗ್ರೆಸ್ಸಿನದು 43ರ ಸನಿಹ. ಕೂಡಿಕೆಯ ಲೆಕ್ಕವನ್ನು ನಂಬಬಾರದೆಂದು ಮೇಲೆ ನಾವೇ ಹೇಳಿದ್ದೇವೆ. ಆದರೆ ದೆಹಲಿಯ ಮೇಜಿನ ಮೇಲೆ ಇಡಲಾಗುವುದು ಇದೇ ಲೆಕ್ಕ.

ಉಳಿದ ನಾಲ್ಕು ಪಾಲು ಎಲ್ಲಿದೆ? ಮುಖ್ಯಮಂತ್ರಿ ಪದವಿಯ ಮಾತಿನಲ್ಲಿದೆ. ಕುಮಾರಸ್ವಾಮಿಯವರ ಹೆಸರನ್ನು ಮೊದಲೇ ಹೇಳಿ ಎಂದು ಜೆಡಿಎಸ್ ಪಟ್ಟು ಹಿಡಿದರೆ 2007ರ ಗಾಯ ಮತ್ತೆ ಬಾಯಿ ತೆರೆಯುತ್ತದೆ. 2019ರಲ್ಲಿ ಮಹಾರಾಷ್ಟ್ರದಲ್ಲಿ ಒಟ್ಟಾಗಿ ಗೆದ್ದ ಮೇಲೂ ಬಿಜೆಪಿಯ 105, ಸೇನೆಯ 56 ಇದೇ ಕುರ್ಚಿಗಾಗಿ ಬೇರೆಯಾದುದನ್ನು ನಾವು ನೋಡಿದ್ದೇವೆ. ಸೇನೆಯ ಅನುಭವ ಗೌಡರಿಗೂ ತಿಳಿಯದ್ದಲ್ಲ. 1990ರಲ್ಲಿ ಸೇನೆ 52, ಬಿಜೆಪಿ 42 ಗೆದ್ದು ಅಣ್ಣ ತಮ್ಮ ಎಂದು ಕರೆಸಿಕೊಂಡವರು 2009ರಲ್ಲಿ 44 ಮತ್ತು 46ಕ್ಕೆ ಬಂದರು, ನಂತರ ಅಣ್ಣನೇ ತಮ್ಮನಾದನು. ಜೆಡಿಎಸ್ ಮೊದಲ ದಿನದಿಂದಲೂ ತಮ್ಮನೇ. ತಮ್ಮನ ಮನೆಯಲ್ಲಿ ಅಣ್ಣ ಎಷ್ಟು ಕೋಣೆ ಹಿಡಿದಾನೆಂಬ ಭಯ ಹಾಸನದಲ್ಲಿ ಹೆಚ್ಚು.

ಒಟ್ಟಾಗಿ ನಿಂತರೂ ಪೂರ್ಣವಾಗಿ ನಿಲ್ಲಲಾರರು ಎಂಬುದೂ ನಮ್ಮ ಅನಿಸಿಕೆ. ಹತ್ತು ಹದಿನೈದು ಕ್ಷೇತ್ರಗಳಲ್ಲಿ ಎರಡೂ ಕಡೆಯವರು ಕಣದಲ್ಲಿ ಉಳಿದು ಅದಕ್ಕೆ 'ಸೌಹಾರ್ದ ಸ್ಪರ್ಧೆ' ಎಂಬ ಮುದ್ದಾದ ಹೆಸರನ್ನಿಡಬಹುದು. ಹಳ್ಳಿಯವರಿಗೆ ಆ ಸೌಹಾರ್ದದ ಅರ್ಥ ಗೊತ್ತು.

ಪತ್ರಿಕೆಗಳ ದೊಡ್ಡ ಅಕ್ಷರಗಳಿಗಿಂತ ಸಣ್ಣ ಸುದ್ದಿಗಳನ್ನು ಗಮನಿಸುವಂತೆ ಓದುಗರನ್ನು ಕೇಳಿಕೊಳ್ಳುತ್ತೇವೆ. ಕೆ.ಆರ್. ಪೇಟೆಯಲ್ಲಿ ಬಿಜೆಪಿ ತನ್ನದೇ ಆಕಾಂಕ್ಷಿಗಳ ಸಭೆ ಕರೆಯುತ್ತದೆಯೇ, ಹಾಸನ ನಗರದ ಉಸ್ತುವಾರಿಯನ್ನು ಯಾರಿಗೆ ಕೊಡುತ್ತದೆ, ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಲ್ಲಿ ಎರಡು ಪಕ್ಷಗಳು ಕ್ಷೇತ್ರ ಹಂಚಿಕೊಳ್ಳುತ್ತವೆಯೇ ಎಂಬ ವಿಷಯಗಳು ಒಳಪುಟದ ಮೂಲೆಯಲ್ಲಿ ಬರುತ್ತವೆ. ಪಂಚಾಯತಿಯಲ್ಲಿ ಬೇರೆ ಬೇರೆಯಾಗಿ ನಿಂತ ಮಾತ್ರಕ್ಕೆ ಮೈತ್ರಿ ಮುಗಿಯಿತೆಂದು ತಿಳಿಯಬೇಕಿಲ್ಲ, ಬಲ ಎಷ್ಟೆಂದು ಅಳೆದುಕೊಳ್ಳುವುದು ಚೌಕಾಶಿಯ ಮೊದಲ ಹಂತ. ಆದರೆ ಅಲ್ಲಿ ಬೇರೆಯಾಗಿ ನಿಂತು ಬಿಜೆಪಿ ಹಾಸನದಲ್ಲಿ ಜೆಡಿಎಸ್ಸನ್ನು ಹಿಂದೆ ಹಾಕಿದರೆ ನಮ್ಮ ಹತ್ತರಲ್ಲಿ ಆರನ್ನು ನಾವು ನಾಲ್ಕಕ್ಕೆ ಇಳಿಸುತ್ತೇವೆ. ಕೊನೆಯ ಉತ್ತರ ಸಿಗುವುದು ನಾಮಪತ್ರ ಹಿಂತೆಗೆದುಕೊಳ್ಳುವ ದಿನದ ಮಧ್ಯಾಹ್ನ ಮೂರು ಗಂಟೆಗೆ. ಊರಿನಲ್ಲಿ ಅಣ್ಣತಮ್ಮಂದಿರಿರುವವರು ಅಂದು ಸಂಜೆ ಒಂದು ಫೋನ್ ಮಾಡಿ ಕೇಳಬಹುದು.